ಸೋದರತ್ತೆಯ ಕೆಂಪು ಚುಕ್ಕೆ

ಮಗುವಿನ ಕಿವಿಗೆ ಫೋನ್ ಹಿಡಿದು ಹೆಸರಿಡುವುದಂತೆ! ಸರೋಜಾಗೆ ಮೈಯೆಲ್ಲ ಉರಿದುಹೋಯಿತು.

ಧಾರವಾಡದ ಸರೋಜಾ ಅಮೆರಿಕದ ಟೆಕ್ಸಸ್‌ನ ಕಾಪೆಲ್‌ ಊರಲ್ಲಿ ನೆಲೆಸಿ ಇಪ್ಪತ್ತೈದು ವರ್ಷ. ಅಲ್ಲೇ ಹತ್ತಿರದ ಪ್ರಾಸ್ಪರ್‌ನಲ್ಲಿದ್ದ ತಮ್ಮ ಶ್ರೀಶೈಲ್‌ಗೆ ನಲವತ್ತು ದಾಟಿದ ಮೇಲೆ ಹೆಣ್ಣುಮಗು ಹುಟ್ಟಿತ್ತು. ಭಾನುವಾರ ನಾಮಕರಣ. ಕೂಸಿನ ಕಿವಿಯಲ್ಲಿ ಸೋದರತ್ತೆಯೇ ಹೆಸರು ಹೇಳಬೇಕು, ಅದು ಅವರ ಮನೆಯ ಪದ್ಧತಿ. ಆ ಕೂಸಿಗಿದ್ದವಳು ಇವಳೊಬ್ಬಳೇ ಸೋದರತ್ತೆ.

ಎಡವಟ್ಟಾದದ್ದು ಗುರುವಾರ. ತಮ್ಮನ ಮನೆಯಲ್ಲಿ ತೋಳೇರಿಸಿಕೊಂಡು ಉಂಡೆ ಕಟ್ಟುತ್ತಿದ್ದಾಗ ಅವನ ಅತ್ತೆ, ಮೈಸೂರಿನ ಉಷಾರಾಣಿ, ಇವಳ ತೋಳಿನ ಕೆಂಪು ಚುಕ್ಕೆಗಳನ್ನು ನೋಡಿದರು. ಸಂಜೆ ಶ್ರೀಶೈಲ್ ಫೋನ್ ಮಾಡಿದ.

“ಅಕ್ಕಾ, ನಿನಗ ಅಮ್ಮ ಆಗೇದಂತ. ನಮ್ಮತ್ತಿ ನೋಡ್ಯಾರ.”

“ಯಾವ ಅಮ್ಮನೋ? ನಮ್ಮವ್ವ ಹೋಗಿ ಹತ್ತು ವರ್ಷ ಆತಲ್ಲೋ!”

ಮೈಸೂರು ಕಡೆ ಚಿಕನ್ ಪಾಕ್ಸ್‌ಗೆ ‘ಅಮ್ಮ’ ಅನ್ನುತ್ತಾರೆಂದು ಅವನೇ ಬಿಡಿಸಿ ಹೇಳಿದ. ಆಮೇಲೆ ಬಂದದ್ದೇ ಆ ಫೋನಿನ ಮಾತು. “ನೀ ಅಲ್ಲೇ ಇರು. ನಾ ಕೂಸಿನ ಕಿವೀಗೆ ಫೋನ್ ಹಿಡೀತೀನಿ, ನೀ ಹೆಸರು ಹೇಳಿಬಿಡು.”

ಆ ಚುಕ್ಕೆಗಳು ಮೈಮೇಲೆ ಎದ್ದು ಎಷ್ಟೋ ವರ್ಷವಾಗಿತ್ತು. ತುರಿಕೆಯಿಲ್ಲ, ನೋವಿಲ್ಲ, ಜ್ವರವಂತೂ ಇಲ್ಲವೇ ಇಲ್ಲ. ಇವಳನ್ನೇ ಒಂದು ಮಾತು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮರುದಿನವೇ ಡಾಕ್ಟರ ಹತ್ತಿರ ಹೋದಳು. ಅವರು ಭೂತಗನ್ನಡಿ ಹಿಡಿದು ನೋಡಿದರು. ಇದಕ್ಕೆ ಚೆರಿ ಆಂಜಿಯೋಮಾ ಅನ್ನುತ್ತಾರೆ, ಚರ್ಮದ ಸಣ್ಣ ರಕ್ತನಾಳಗಳು ಒಂದೆಡೆ ಸೇರಿ ಬೆಳೆದದ್ದು, ಮೂವತ್ತು ದಾಟಿದ ಎಷ್ಟೋ ಜನರಿಗೆ ಬರುತ್ತದೆ, ವಯಸ್ಸಾದಂತೆ ಹೆಚ್ಚುತ್ತದೆ ಎಂದರು. ಯಾರಿಗೂ ಅಂಟುವುದಿಲ್ಲ, ಔಷಧಿಯೂ ಬೇಡ. ಯಾವುದಾದರೂ ಚುಕ್ಕೆಯಿಂದ ರಕ್ತ ಬಂದರೆ, ಬಣ್ಣವೋ ಆಕಾರವೋ ಬದಲಾದರೆ ಮಾತ್ರ ಬಂದು ತೋರಿಸಿ ಎಂದು ಕಳಿಸಿದರು.

ಕಾರಿನಲ್ಲಿ ಕೂತೇ ಅದನ್ನೆಲ್ಲ ತಮ್ಮನಿಗೆ ಫೋನಿನಲ್ಲಿ ಒದರಿದಳು.

“ಖರೇ ಅಕ್ಕಾ, ಆದ್ರ ಅತ್ತಿಯವರಿಗೆ ಸಮಾಧಾನ ಇಲ್ಲ. ಸುಮ್ನ ಯಾಕ ರಿಸ್ಕ್?”

ಎಲಾ ಇವನ! ಡಾಕ್ಟರ ಮಾತಿಗಿಂತ ಅತ್ತೆಯ ಅನುಮಾನವೇ ಹೆಚ್ಚಾಯಿತೇ?

ಭಾನುವಾರ ಗಿಡ್ಡ ತೋಳಿನ ಕುಪ್ಪಸವನ್ನೇ ತೊಟ್ಟು, ಚುಕ್ಕೆಗಳೆಲ್ಲ ಎದ್ದು ಕಾಣುವಂತೆ, ಪ್ರಾಸ್ಪರ್‌ಗೆ ಡ್ರೈವ್ ಮಾಡಿಕೊಂಡು ಹೋದಳು. ಬಾಗಿಲಲ್ಲೇ ತಮ್ಮ ಅಡ್ಡ ನಿಂತ.

“ಅಕ್ಕಾ, ಹೇಳಿದ್ನಲ್ಲ...”

“ಆರು ವರ್ಷದಾಂವ ಇದ್ದಾಗ ನಿನಗ ಖರೇನ ಚಿಕನ್ ಪಾಕ್ಸ್ ಆಗಿತ್ತು. ಬೇವಿನ ಸೊಪ್ಪು ಹಿಡಕೊಂಡು ನಿನ್ನ ಬಾಜೂಕ ಮಲಗಿದಾಕಿ ಯಾರು? ನಿನ್ನಿಂದ ನನಗೂ ಹತ್ತಿತು. ಆವಾಗ ನಿನಗ ದೂರ ನಿಂದ್ರು ಅಂದಿದ್ನೇನೋ?”

ಶ್ರೀಶೈಲ್ ದಾರಿ ಬಿಟ್ಟ. ಅಕ್ಕನನ್ನು ಒಳಗೆ ಹೆಂಗಸರ ನಡುವೆ ಕೂರಿಸಿ, ತಾನೇ ಕೂಸನ್ನು ತಂದು ಅವಳ ಮಡಿಲಿಗೆ ಹಾಕಿದ.

ಸರೋಜಾ ಪುಟ್ಟ ಕಿವಿಗೆ ಬಾಯಿಟ್ಟು “ಇಂಚರಾ” ಎಂದು ಮೂರು ಸಲ ಹೇಳಿದಳು. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ನೆರೆದ ಹೆಂಗಸರು ಗುದ್ದುವುದು ಅವರ ಕಡೆಯ ರೂಢಿ. ಬಗ್ಗಿಯೇ ಕಾದಳು. ಒಂದು ಕೈಯೂ ಬರಲಿಲ್ಲ. ಎಲ್ಲರ ಕಣ್ಣೂ ಅವಳ ತೋಳಿನ ಮೇಲೇ ಇತ್ತು.

“ಯಾಕ, ಮುಟ್ಟಲಿಕ್ಕೂ ಹೆದರಿಕೀನ? ಉಷಾರಾಣಿಯವರ, ಮೊದಲು ನೀವ ಗುದ್ರಿ!”

“ನಾನಾ? ಅಯ್ಯೋ, ಬೇಡಿ...” ಎನ್ನುತ್ತಲೇ ಉಷಾರಾಣಿ ಹತ್ತಿರ ಬಂದರು. ಅಂಗೈಯನ್ನು ಮೆಲ್ಲಗೆ ಅವಳ ಬೆನ್ನಿನ ಮೇಲೆ ಇಟ್ಟರು.

“ಇದು ಗುದ್ದೇನ್ರೀ?” ಕೂಸನ್ನು ಎದೆಗವಚಿಕೊಂಡೇ ಸರೋಜಾ ಗದರಿದಳು. “ಜೋರಾಗಿ ಹಾಕ್ರಿ!”