ಒಳಗೆ ಬಿಟ್ಟ ಬಟ್ಟೆ

ನನ್ನ ತಮ್ಮನಿಗೆ ಚಿಕ್ಕಂದಿನಿಂದಲೂ ಒಂದು ಚಟ, ಮುಂದೆ ಏನಾಗುತ್ತದೆಂದು ಹೇಳುವುದು. ಮೊನ್ನೆ ಆಳೆತ್ತರದ ಕನ್ನಡಿಯೊಂದನ್ನು ತಂದು ನಮ್ಮ ಟೈಲರ್ ಅಂಗಡಿಯ ಗೋಡೆಗೆ ಒರಗಿಸಿದಾಗಲೂ ಅದೇ ರಾಗ. ಅವನ ಕೆಲಸವೇ ಅಂಥದ್ದು. ಇಂಥ ಕನ್ನಡಿಗಳನ್ನು ತಯಾರಿಸುವ ಕಂಪನಿಯಲ್ಲಿದ್ದಾನೆ.

"ಅಕ್ಕಾ, ಇನ್ನು ಹತ್ತು ವರ್ಷ ನೋಡ್ತಿರು. ಟೇಪು ಹಿಡಿಯೋರು ಒಬ್ಬರೂ ಇರಲ್ಲ. ಇದರ ಮುಂದೆ ನಿಂತರೆ ಸಾಕು, ಮೈ ಅಳತೆ ಎಲ್ಲಾ ಅದೇ ಹೇಳುತ್ತೆ. ಹಾಕ್ಕೊಂಡ ಅಂಗಿನೇ ಎದೆಬಡಿತ ನೋಡಿ ಡಾಕ್ಟರಿಗೆ ತಿಳಿಸುತ್ತೆ. ಹರಿದರೆ ತಾನೇ ಕೂಡ್ಕೊಳ್ಳುತ್ತೆ."

"ಕೊಳೆಯಾದರೆ ತಾನೇ ಬಚ್ಚಲಿಗೆ ನಡ್ಕೊಂಡು ಹೋಗುತ್ತೇನೋ?" ಎಂದೆ.

ಕಿಟಕಿಯ ಪಕ್ಕ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದ ಅಪ್ಪ ಕಿಸಕ್ಕನೆ ನಕ್ಕ. ನಾನೂ ನಕ್ಕೆ. ಆದರೆ ಆ ಕನ್ನಡಿಯನ್ನು ಕಂಡಾಗಿನಿಂದ ಅಪ್ಪ ಎಲ್ಲಿ ಅದರ ಮುಂದೆ ನಿಂತುಬಿಡುತ್ತಾನೋ ಎಂದು ನನಗೆ ಭಯವಾಗಿತ್ತು.

ಯಾಕೆಂದರೆ, ಹೊಟ್ಟೆಯ ಆಪರೇಷನ್ ಆದಮೇಲೆ ಅಪ್ಪನ ಮೈ ಇಳಿಯುತ್ತಲೇ ಹೋಗಿತ್ತು. "ಔಷಧಿ ನಾವು ಕೊಡ್ತೀವಿ, ಅವರ ಧೈರ್ಯ ಕೆಡದ ಹಾಗೆ ನೀವು ನೋಡ್ಕೊಳ್ಳಿ, ಧೈರ್ಯ ಕೆಟ್ಟರೆ ಊಟ ಬಿಡ್ತಾರೆ" ಎಂದು ಡಾಕ್ಟರ್ ನನಗೊಬ್ಬಳಿಗೇ ಹೇಳಿದ್ದರು. ಅಪ್ಪ ತೂಕದ ಯಂತ್ರದ ಹತ್ತಿರ ಸುಳಿಯುತ್ತಿರಲಿಲ್ಲ. "ಇಳಿದಿದೀನೋ ಇಲ್ವೋ ನನ್ನ ಅಂಗಿ ಹೇಳುತ್ತೆ ಬಿಡು" ಎನ್ನುತ್ತಿದ್ದ. ಅಂಗಿ ಮೈಗೆ ಸರಿಯಾಗಿ ಕೂತ ದಿನ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದ. ಸರಿ, ನಾನೇನು ಮಾಡಲಿ? ಮಧ್ಯಾಹ್ನ ಅವನು ಮಲಗಿದಾಗ ಅವನ ಅಂಗಿಗಳ ಪಕ್ಕದ ಹೊಲಿಗೆ ಬಿಚ್ಚಿ, ಬೆರಳಷ್ಟು ಒಳಗೆ ಹಿಡಿದು, ಮತ್ತೆ ಹೊಲಿದು, ಇಸ್ತ್ರಿ ಮಾಡಿ ಅದೇ ಮೊಳೆಗೆ ತೂಗುಹಾಕುತ್ತಿದ್ದೆ. ಅಪ್ಪ ಇಳಿದಂತೆಲ್ಲ ಅಂಗಿಯೂ ಇಳಿಯುತ್ತಿತ್ತು.

ಹಾಗೆ ಹಿಡಿದು ಹಿಡಿದು ಒಳಗೆ ಬಟ್ಟೆ ದಪ್ಪಗೆ ಕೂತು ಅಪ್ಪನ ಪಕ್ಕೆಯ ಮೇಲೆ ಕೆಂಪು ಗೆರೆ ಮೂಡಿತ್ತು. ಬುದ್ಧಿ ಇರುವ ಯಾವ ಟೈಲರ್ ಆದರೂ ಅದನ್ನು ಕತ್ತರಿಸಿ ಎಸೆಯುತ್ತಿದ್ದ. ನಾನು ಎಷ್ಟೋ ಸಲ ಕತ್ತರಿ ಹಿಡಿದೆ, ಕೈ ಬರಲಿಲ್ಲ.

ಒಳಗೆ ಬಟ್ಟೆ ಬಿಡುವುದು ಅಪ್ಪನಿಂದ ಬಂದದ್ದು. ಅಯ್ಯೋ, ಆ ದಿನಗಳು! ಶಾಲೆ ಶುರುವಾಗುವ ಮುಂಚೆ ಅಂಗಡಿಯ ತುಂಬ ತಾಯಂದಿರು, ಮಕ್ಕಳು, ಹೊಸ ಬಟ್ಟೆಯ ಗಂಜಿಯ ವಾಸನೆ. ಅಪ್ಪ ಟೇಪು ಹಿಡಿಯುವ ಮುಂಚೆ ಮಗುವಿನ ಮಣಿಕಟ್ಟು, ಪಾದ ನೋಡುತ್ತಿದ್ದ. "ಇವಳು ನಿಮ್ಮನ್ನ ಮೀರಿಸ್ತಾಳೆ ಕಣಮ್ಮಾ, ನಾಲ್ಕು ಬೆರಳು ಬಿಡ್ತೀನಿ" ಎನ್ನುತ್ತಿದ್ದ. ಮರುವರ್ಷ ಅದೇ ಲಂಗ ಬಂದರೆ ಅಂಚು ಬಿಚ್ಚುತ್ತಾ "ನೋಡಿ, ಹೇಳಿರಲಿಲ್ವಾ?" ಎಂದು ಹಿಗ್ಗುತ್ತಿದ್ದ. ಅವರ ಮಗು ಇವನನ್ನು ಕೇಳಿಯೇ ಬೆಳೆದಿದೆಯೇನೋ ಎಂಬಂತೆ! ತಮ್ಮನ ಚಡ್ಡಿಗಂತೂ ಸೊಂಟದಲ್ಲಿ ಧಾರಾಳವಾಗಿ ಬಿಡುತ್ತಿದ್ದ. ಅವನ ಹೊಟ್ಟೆ ಅಪ್ಪನ ಲೆಕ್ಕವನ್ನು ಒಮ್ಮೆಯೂ ತಪ್ಪಿಸಲಿಲ್ಲ.

ನನ್ನ ನೀಲಿ ಲಂಗದ ಅಂಚು ಬಿಚ್ಚಿದಾಗಲೆಲ್ಲ, ಮಾಸಿದ ಬಟ್ಟೆಯ ಕೆಳಗೆ ಹೊಸ ನೀಲಿಯ ಪಟ್ಟಿ ಎದ್ದು ಕಾಣುತ್ತಿತ್ತು. ಗೆಳತಿಯರು ಆಡಿಕೊಳ್ಳುತ್ತಾರೆಂದು ನಾನು ರಂಪ ಮಾಡುತ್ತಿದ್ದೆ. "ಅದು ನೀನು ಬೆಳೆದಿದ್ದು ಕಣೇ, ನಾಚ್ಕೋತಾರಾ?" ಎಂದು ಅಮ್ಮ ಗದರುತ್ತಿದ್ದಳು. ಅಮ್ಮ ಈಗಿಲ್ಲ, ಲಂಗವೂ ಇಲ್ಲ. ರಸ್ತೆಯಲ್ಲಿ ಯಾವ ಮಗುವಿನ ಬಟ್ಟೆಯಲ್ಲೂ ಅಂಥ ಪಟ್ಟಿ ಕಾಣುವುದಿಲ್ಲ.

"ಅಲ್ವೋ, ನಿನ್ನ ಕನ್ನಡಿ ಒಳಗೆ ಎಷ್ಟು ಬಟ್ಟೆ ಬಿಡುತ್ತೆ?" ಅಪ್ಪ ತಮ್ಮನನ್ನು ಕೇಳಿದ.

"ಬಿಡೋದೇ ಇಲ್ಲಪ್ಪಾ. ಇವತ್ತಿನ ಮೈಗೆ ಎಷ್ಟು ಬೇಕೋ ಅಷ್ಟೇ. ಒಂದು ಚೂರೂ ದಂಡ ಆಗಲ್ಲ."

"ನಾಳೆ ಮೈ ಬಂದರೆ?"

"ನಾಳೆಗೆ ಹೊಸದು!"

"ಓಹೋ" ಎಂದು ಅಪ್ಪ ಸೂಜಿಯನ್ನು ಪುಟ್ಟ ಸೂಜಿದಿಂಬಿಗೆ ಚುಚ್ಚಿ ಎದ್ದ. "ನೋಡೇ ಬಿಡೋಣ, ನನ್ನ ಬಗ್ಗೆ ಏನು ಹೇಳುತ್ತೋ."

"ಬೇಡ, ಅಪ್ಪಾ! ಊಟದ ಹೊತ್ತಾಯ್ತು" ಎಂದು ನಾನು ಅಡ್ಡ ಬಂದೆ. ತಮ್ಮನಿಗೆ ಕಣ್ಣು ಸನ್ನೆ ಮಾಡಿದೆ. ಆ ಪುಣ್ಯಾತ್ಮನಿಗೆ ಸನ್ನೆ ಅರ್ಥವಾಗಿದ್ದರೆ ಇನ್ನೇನು ಬೇಕಿತ್ತು! ಅಪ್ಪನ ತೋಳು ಹಿಡಿದು ಕನ್ನಡಿಯ ಮುಂದೆ ನಿಲ್ಲಿಸಿಯೇಬಿಟ್ಟ. ಆಪರೇಷನ್ನಿಗೆ ಮುಂಚೆ ಒಮ್ಮೆ ಅಪ್ಪನ ಅಳತೆಯನ್ನು ಫೋನಿನಲ್ಲಿ ತೆಗೆದುಕೊಂಡಿದ್ದನಂತೆ, ಅದೂ ಕನ್ನಡಿಗೆ ಗೊತ್ತಂತೆ.

ಕನ್ನಡಿಯೊಳಗಿಂದ ಹೆಣ್ಣು ದನಿಯೊಂದು ಬಲು ನಯವಾಗಿ ಹೇಳಿತು: "ನಮಸ್ಕಾರ. ಕಳೆದ ಸಲಕ್ಕಿಂತ ನಿಮ್ಮ ಎದೆಯ ಸುತ್ತಳತೆ ಐದು ಇಂಚು ಕಡಿಮೆಯಾಗಿದೆ."

ತಮ್ಮ ನಾಲಿಗೆ ಕಚ್ಚಿಕೊಂಡ. ನನಗೆ ಆ ಕನ್ನಡಿಯನ್ನು ಒಡೆದು ಪುಡಿ ಮಾಡುವಷ್ಟು ಸಿಟ್ಟು ಬಂತು. ಇಷ್ಟು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದೆಲ್ಲ ಮಣ್ಣುಪಾಲಾಯಿತೆಂದು ಅಳುವೇ ಬಂದುಬಿಟ್ಟಿತು.

ಅಪ್ಪ ನಿಧಾನವಾಗಿ ಅಂಗಿ ಬಿಚ್ಚಿ, ಒಳಹೊರಗು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದ.

"ಬಾ ಇಲ್ಲಿ, ಮಗಳೇ. ಇದು ಮೊದಲು ಹಿಡಿದಿದ್ದು, ಅಲ್ವಾ? ಇದು ಆಮೇಲಿಂದು. ಇಲ್ಲಿ ಹೊಲಿಗೆ ಸೊಟ್ಟಗಾಗಿದೆ. ಅಳ್ತಾ ಹೊಲಿದೆಯಾ?"

"ನಿನಗೆ ಗೊತ್ತಿತ್ತಾ?"

"ನಿನಗೆ ಹೊಲಿಗೆ ಹೇಳಿಕೊಟ್ಟವನು ನಾನೋ, ಪಕ್ಕದ ಮನೆಯವನೋ? ನಿನ್ನ ಕೈ ನನಗೆ ಗೊತ್ತಾಗಲ್ವೇನೇ?"

"ಮತ್ತೆ ಯಾಕಪ್ಪಾ ಸುಮ್ಮನಿದ್ದೆ? ಈ ದಪ್ಪ ಹೊಲಿಗೆ ಪಕ್ಕೆಗೆ ಉಜ್ಜುತ್ತಿತ್ತಲ್ಲ, ಅದನ್ನಾದರೂ ಹೇಳಬಾರದಾ?"

"ಹೇಳಿದ್ರೆ ನೀನು ಕತ್ತರಿಸಿಬಿಡ್ತಿದ್ದೆ." ಅಪ್ಪನ ದನಿ ಸಣ್ಣಗಾಯಿತು. "ದಿನಾ ಬೆಳಿಗ್ಗೆ ಹಾಕ್ಕೊಳ್ಳೋ ಮುಂಚೆ ಒಳಗೆ ಬೆರಳಾಡಿಸಿ ನೋಡ್ತಿದ್ದೆ. ಬಟ್ಟೆ ಹಾಗೇ ಇರ್ತಿತ್ತು. ನಾನು ಮತ್ತೆ ಮೈ ತುಂಬ್ಕೋತೀನಿ ಅಂತ ನನ್ನ ಮಗಳಿಗೆ ಇನ್ನೂ ಆಸೆ ಇದೆ ಅಂದ್ಕೊಂಡು ಊಟಕ್ಕೆ ಕೂತ್ಕೊತಿದ್ದೆ. ಅಂಗಿ ಸರಿಯಾಗಿ ಕೂತಿದೆ ಅಂತ ಅಲ್ಲ ಕಣೇ."

ತಮ್ಮ ಬಂದು ಅಪ್ಪನ ಬೆನ್ನಿಗೆ ಶಾಲು ಹೊದಿಸಿ, "ಕನ್ನಡಿ ವಾಪಸ್ ತಗೊಂಡು ಹೋಗ್ತೀನಿ, ಅಕ್ಕಾ" ಎಂದ. ಅವನ ಕಣ್ಣೂ ಕೆಂಪಾಗಿತ್ತು.

"ಯಾಕೋ? ಪಾಪ, ಅದು ಇದ್ದದ್ದನ್ನೇ ಹೇಳ್ತು. ಇರಲಿ ಬಿಡು" ಎಂದು ಅಪ್ಪ ಅಂಗಿಯನ್ನು ನನ್ನ ಕೈಗಿಟ್ಟ. "ಸಡಿಲ ಆಗಿದೆ. ಇನ್ನೊಂದು ಬೆರಳು ಹಿಡಿ. ಈ ಸಲ ಕದ್ದು ಬೇಡ, ನನ್ನ ಮುಂದೇನೇ ಹೊಲಿ."

ನಾನು ಮೆಷಿನ್ನಿನ ಮುಂದೆ ಕೂತು ಒಂದು ಬೆರಳು ಹಿಡಿದು ಹೊಲಿದೆ. ಅಪ್ಪ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಮುಗಿದಮೇಲೆ ದಾರ ಕತ್ತರಿಸಲು ಕತ್ತರಿ ಎತ್ತಿದೆ. ಅಪ್ಪ ಗಾಬರಿಯಿಂದ ಒಳಗಿನ ಬಟ್ಟೆಯ ಮೇಲೆ ಅಂಗೈ ಇಟ್ಟುಬಿಟ್ಟ.

"ದಾರ ಮಾತ್ರ ಅಪ್ಪಾ" ಎಂದೆ.