ಹೆಪ್ಸಿ ಹೊರಟ ಬಾಗಿಲು

ಎಜ್ರಾ ಹಿತ್ತಲ ಶೆಡ್ಡಿನಿಂದ ಅಡುಗೆಮನೆಗೆ ಬಂದಾಗ ಮಗಳು ನವೋಮಿ ಬಾಣಲೆಯಲ್ಲಿ ಮೊಟ್ಟೆ ತಿರುವಿಹಾಕುತ್ತಿದ್ದಳು.

"ನಿಮ್ಮಮ್ಮ ಹೋಗಿಬಿಟ್ಲು, ಮಗಾ."

"ಇಷ್ಟು ಬೆಳಿಗ್ಗೆ ಎಲ್ಲಿಗೆ?" ಎಂದವಳಿಗೆ ಅಪ್ಪನ ಮುಖ ನೋಡಿ ಅರ್ಥವಾಯಿತು. ಕಣ್ಣೀರು ಕೆನ್ನೆಯ ಮೇಲೆ ಇಳಿಯಿತು. ಕೈ ಮಾತ್ರ ನಿಲ್ಲಲಿಲ್ಲ. ಮಹಡಿಯ ಕೋಣೆಗಳ ತುಂಬ ಅತಿಥಿಗಳಿದ್ದರು. ಅದು ಆಗಸ್ಟ್ ತಿಂಗಳು, ಆ ಚಳಿದೇಶದ ಬೇಸಗೆ. ಥಾರ್ನ್‌ಸೀ ಊರು ವರ್ಷದ ಹೊಟ್ಟೆಪಾಡನ್ನು ಬೇಸಗೆಯಲ್ಲೇ ದುಡಿದುಕೊಳ್ಳಬೇಕು.

"ಅವ್ರಿಗೆ ಗೊತ್ತಾಗ್ಬಾರ್ದು ಅಪ್ಪಾ. ರಜಾ ಕಳೆಯೋಕೆ ಬಂದಿರೋ ಜನ. ಅಮ್ಮ ತಂಗಿ ಮನೆಗೆ ಹೋಗಿದಾಳೆ ಅನ್ನೋಣ. ಶುಕ್ರವಾರ ಬೆಳಕು ಹರಿಯೋ ಮುಂಚೆ ಹಿಂದಿನ ಓಣಿಯಿಂದ ಕರ್ಕೊಂಡು ಹೋಗೋಣ."

ಊರಿನ ನಡವಳಿಕೆಯೇ ಅದು. ಬೇಸಗೆಯಲ್ಲಿ ಸತ್ತವರು ಹಿಂದಿನ ಓಣಿಯಿಂದ ಹೋಗಬೇಕು. ಸಮುದ್ರದಂಚಿನ ದೊಡ್ಡ ರಸ್ತೆ ರಜೆಗೆ ಬಂದವರದು.

ಎಜ್ರಾ ಕುರ್ಚಿಯ ಮೇಲೆ ಕುಸಿದು ಕುಳಿತ. "ಹಿಂದಿನಿಂದ ಕಳಿಸಲ್ಲ. ಅವಳು ಮುಂಬಾಗಿಲಿಂದ ಹೋಗ್ಬೇಕು."

"ಮುಂಬಾಗಿಲಿಂದ ಹೆಣ ಹೊರಟ್ರೆ ಮುಂದಿನ ವರ್ಷ ಯಾರು ಬರ್ತಾರಪ್ಪಾ ನಮ್ಮನೆಗೆ?"

ಎಜ್ರಾ ಎದ್ದು ಮತ್ತೆ ಶೆಡ್ಡಿಗೆ, ಹೆಪ್ಸಿಯ ಬಳಿಗೆ ಹೋದ.

* * *

ಹೆಪ್ಸಿ ಹೆರಿಂಗ್ ಮೀನಿನ ದೋಣಿಗಳ ಹಿಂದೆಯೇ ಉತ್ತರದಿಂದ ಬಂದವಳು. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ದಕ್ಕೆಯ ಮೇಲೆ ಮೀನು ಸೀಳುತ್ತಿದ್ದಳು. ಬೆಸ್ತ ಎಜ್ರಾನನ್ನು ಮದುವೆಯಾಗಿ ಇಲ್ಲೇ ನಿಂತಳು. ಮೀನು ಕಡಿಮೆಯಾದ ವರ್ಷ, ಯಾರನ್ನೂ ಕೇಳದೆ, 'ಕೋಣೆ ಬಾಡಿಗೆಗಿದೆ' ಎಂದು ಬರೆದು ಕಿಟಕಿಗೆ ಹಚ್ಚಿದಳು. ಗಂಡಹೆಂಡಿರ ಹಾಸಿಗೆ ಮೀನುಬಲೆ ಇಡುವ ಶೆಡ್ಡಿಗೆ ಹೋಯಿತು.

"ನನ್ನ ಮನೇಲಿ ಯಾರೋ ಮಲಗೋದು, ನಾನು ಬಲೆ ಜೊತೆ ಮಲಗೋದಾ?" ಎಂದು ಎಜ್ರಾ ಕೂಗಾಡಿದ.

"ಬಲೆ ಜೊತೆ ಯಾಕೆ ಮಾರಾಯ, ನಾನಿಲ್ವಾ?" ಎಂದಳು ಹೆಪ್ಸಿ. ಎಜ್ರಾನ ಸಿಟ್ಟು ಅಲ್ಲಿಗೇ ಮುಗಿಯಿತು. ಆಮೇಲೆ ಪ್ರತಿ ವರ್ಷವೂ ಬೇಸಗೆ ಯಾವಾಗ ಬಂದೀತೆಂದು ಕಾಯುತ್ತಿದ್ದವನು ಅವನೇ.

ಒಂದು ಆಗಸ್ಟಿನಲ್ಲಿ ಹೆಪ್ಸಿ ಮೀನಿನ ಬುಟ್ಟಿ ಹೊತ್ತು ಮುಂಬಾಗಿಲಿಗೆ ಬಂದಳು. ಹಿಂದಿನ ದಿನ ಸಂಜೆಯಷ್ಟೇ ಬಂದಿಳಿದಿದ್ದ ಬ್ಯಾಂಕ್ ಗುಮಾಸ್ತನ ಹೆಂಡತಿ ಹೊಸಿಲಿಗೆ ಅಡ್ಡ ನಿಂತಿದ್ದಳು.

"ಏಯ್, ಮೀನಿನವರು ಹಿಂದಿನಿಂದ ಬರ್ಬೇಕು!"

"ಆಗ್ಲಿ ಅಮ್ಮಾವ್ರೇ," ಎಂದು ಹೆಪ್ಸಿ ಮನೆ ಸುತ್ತಿ ಹಿಂದಕ್ಕೆ ಹೋದಳು. ಅದೇ ಮೀನನ್ನು ಕರಿದು ಮೇಜಿಗೆ ತಂದಿಟ್ಟಳು. ಗುಮಾಸ್ತನ ಹೆಂಡತಿ ಅವಳ ಗುರುತು ಹಿಡಿಯದೆ, ಬೆರಳು ಚೀಪುತ್ತಾ, "ಎಷ್ಟು ತಾಜಾ ಇದೆ! ಯಾರು ತಂದುಕೊಡ್ತಾರೆ?" ಎಂದು ಕೇಳಿದಳು.

"ಒಬ್ಬಳು ಬರ್ತಾಳೆ. ಒಳ್ಳೆ ಹೆಂಗ್ಸು," ಎಂದಳು ಹೆಪ್ಸಿ.

ಈ ಕತೆಯನ್ನು ಹೇಳಿಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎಜ್ರಾನೂ ನಗುತ್ತಿದ್ದ. ಆದರೆ ಆ ದಿನದಿಂದ ಬೇಸಗೆಯಲ್ಲಿ ಅವಳು ಆ ಹೊಸಿಲನ್ನು ತುಳಿಯಲಿಲ್ಲ. ಅವನ ಎದೆಯಲ್ಲಿ ಮುಳ್ಳಾಗಿ ಉಳಿದದ್ದು ಅದು.

* * *

ಶುಕ್ರವಾರ ಮಬ್ಬುಗತ್ತಲಲ್ಲೇ ಶವಪೆಟ್ಟಿಗೆ ಮಾಡುವ ಟಿಂಡಲ್ ಬಂದ. ಹೊರಲು ನಾಲ್ವರು ಬೆಸ್ತರು ನೀಲಿ ಉಣ್ಣೆಯಂಗಿ ತೊಟ್ಟು ಹಿತ್ತಲಲ್ಲಿ ನಿಂತರು. ಎಜ್ರಾ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕುಳಿತವನು ಏಳಲೇ ಇಲ್ಲ. ಬೆಳಕು ಹರಿಯಿತು.

"ಏಳಪ್ಪಾ ಎಜ್ರಾ, ಸಮುದ್ರಸ್ನಾನದೋರು ಏಳೋ ಹೊತ್ತಾಯ್ತು," ಎಂದು ಟಿಂಡಲ್ ಗೋಗರೆದ.

ಅಷ್ಟರಲ್ಲಿ ನವೋಮಿಯಿದ್ದ ಅಡುಗೆಮನೆಯ ಒಳಬಾಗಿಲು ದಢಾರನೆ ತೆರೆಯಿತು. ಹ್ಯಾಲಿಫ್ಯಾಕ್ಸಿನ ಗಿರಣಿಯಲ್ಲಿ ಮಗ್ಗ ನಡೆಸುವ ಆಕ್ರಾಯ್ಡಮ್ಮ, ಪ್ರತಿ ವರ್ಷ ತಪ್ಪದೆ ಬರುವವಳು, ಮೊಣಕಾಲತನಕ ಮರಳು ಮೆತ್ತಿಕೊಂಡು ನಿಂತಿದ್ದಳು. ಮಗ್ಗದ ಸದ್ದಿನಲ್ಲಿ ಮಾತಾಡಿ ರೂಢಿಯಾದವಳು. ಅವಳ ಪಿಸುಮಾತೂ ಬೀದಿಗೆ ಕೇಳುತ್ತಿತ್ತು.

"ನವೋಮಿ! ಮೂರು ದಿನದಿಂದ ಈ ಕಾಲಲ್ಲೇ ಮೆಟ್ಲು ಹತ್ತಿಳೀತಿದೀನಿ. ಒಬ್ರೂ ಬೈತಿಲ್ಲ. ಹೆಪ್ಸಿ ತಂಗಿ ಮನೆಗೆ ಹೋಗಿದಾಳೆ ಅಂದ್ಯಲ್ಲ, ಅವಳಿಗೆ ತಂಗಿ ಯಾವಾಗ ಹುಟ್ಟಿದ್ಲೇ?"

ಆಮೇಲೆ ಅವಳ ಕಣ್ಣು ಹಿಂಬಾಗಿಲಾಚೆಯ ಹಿತ್ತಲಿಗೆ ಹೋಯಿತು. ಪೆಟ್ಟಿಗೆಯನ್ನು ನೋಡಿ ಅಲ್ಲೇ ನೆಲದ ಮೇಲೆ ಕುಳಿತು ಗೋಳೋ ಎಂದು ಅತ್ತಳು. ಅತ್ತು ಮುಗಿಸಿ ಬೈಯತೊಡಗಿದಳು.

"ನಮ್ಮ ರಜಾ ಕೆಟ್ಟೋಗುತ್ತೆ ಅಂತ ಮುಚ್ಚಿಟ್ರಾ? ನನ್ನ ಗಂಡ ಸತ್ತ ವರ್ಷ ನಾನೆಲ್ಲಿಗೆ ಬಂದಿದ್ದೆ? ಇಲ್ಲಿಗೇ! ಒಂದ್ ವಾರ ನನ್ನ ಪಕ್ಕ ಕೂತು ಬಟಾಣಿ ಬಿಡಿಸಿದ್ಲು ಪುಣ್ಯಾತ್ಗಿತ್ತಿ, ಒಂದು ಸಮಾಧಾನದ ಮಾತೂ ಆಡ್ದೆ. ಈಗ ಅವಳನ್ನ ಕಸದ ಡಬ್ಬಿ ಇಡೋ ದಾರೀಲಿ ಕಳಿಸ್ತೀರಾ?"

"ನಾನು ಮುಂಬಾಗಿಲಿಂದ ಅಂದೆ," ಎಂದ ಎಜ್ರಾ ಮೆಲ್ಲಗೆ.

"ಅಂದ್ಮೇಲೆ ಹಾಗೇ," ಎಂದಳು ಆಕ್ರಾಯ್ಡಮ್ಮ.

ಟಿಂಡಲ್ ಟೊಪ್ಪಿ ತಿರುಗಿಸುತ್ತಾ, "ಅಮ್ಮಾ, ಊರಿನ ಸಮಿತಿಯೋರು..." ಎಂದ.

"ನಿಮ್ಮ ಸಮಿತಿ ನಡೆಯೋದೇ ನಮ್ಮಿಂದ ಕಣಯ್ಯಾ. ಸುಮ್ನಿರು!"

ಅವಳು ಮೇಲೆ ಹೋಗಿ ಬಾಗಿಲುಗಳನ್ನೆಲ್ಲ ಬಡಿದಳು. ರಜೆಗೆ ಬರುವಾಗ ಕಪ್ಪು ಬಟ್ಟೆ ಯಾರು ತರುತ್ತಾರೆ? ಹೆಂಗಸರು ಹೂವಿನ ಗೌನುಗಳಲ್ಲೇ ಇಳಿದು ಬಂದರು. ಲೀಡ್ಸಿನ ದರ್ಜಿ ತನ್ನ ಕಪ್ಪು ಕಾಲುಚೀಲವನ್ನೇ ಶೋಕದ ಗುರುತಾಗಿ ತೋಳಿಗೆ ಬಿಗಿದುಕೊಂಡಿದ್ದ.

"ಒಗೆದಿರೋದೇ ತಾನೇ?" ಎಂದಳು ಆಕ್ರಾಯ್ಡಮ್ಮ.

"ಸಾವಿನ ಮನೇಲಿ ಸುಳ್ಳು ಹೇಳಲ್ಲ," ಎಂದ ದರ್ಜಿ.

ನವೋಮಿಗೆ ಅಳುವಿನ ನಡುವೆ ನಗು ಬಂತು. ಅವಳೇ ಹೋಗಿ ಮುಂಬಾಗಿಲನ್ನು ಗೋಡೆಗೆ ತಾಗುವಂತೆ ತೆರೆದಳು. ಒಳಹಾದಿ ಇಕ್ಕಟ್ಟು. ಪೆಟ್ಟಿಗೆ ತಿರುಗಿಸುವಾಗ ಗೂಟಕ್ಕೆ ತಗುಲಿ ಯಾರದೋ ಹುಲ್ಲಿನ ಟೊಪ್ಪಿ ಅದರ ಮೇಲೆ ಬಿತ್ತು. ಬೆಸ್ತರು ಎಜ್ರಾನನ್ನು ನೋಡಿದರು.

"ಇರ್ಲಿ ಬಿಡ್ರೋ," ಎಂದ ಎಜ್ರಾ. "ಹೊರಗೆ ಬಿಸ್ಲಿದೆ."

ಹೆಪ್ಸಿ ಹೊಸಿಲು ದಾಟಿದಳು.

ದೊಡ್ಡ ರಸ್ತೆಯಲ್ಲಿ ಬೆಸ್ತರು ಕೀರ್ತನೆ ಎತ್ತಿಕೊಂಡರು. ಆಕ್ರಾಯ್ಡಮ್ಮನ ಗಂಟಲು ಸೇರಿದ ಮೇಲೆ ಅದು ದಕ್ಕೆಯ ತುದಿಯವರೆಗೂ ಕೇಳಿತು. ಮಕ್ಕಳು ಮರಳಿನ ಬಕೆಟ್ಟು ಹಿಡಿದು ಹಿಂದೆ ನಡೆದರು. ನೀರಿನಲ್ಲಿದ್ದ ಗಂಡಸರು ತಲೆಗೆ ಕಟ್ಟಿದ್ದ ಕರವಸ್ತ್ರ ತೆಗೆದು, ಸೊಂಟಮಟ್ಟದ ಅಲೆಗಳಲ್ಲಿ ಓಲಾಡುತ್ತಾ, ಪೆಟ್ಟಿಗೆ ಹಾದುಹೋಗುವವರೆಗೂ ನೆಟ್ಟಗೆ ನಿಲ್ಲಲು ಹೆಣಗಿದರು. ಒಬ್ಬನನ್ನು ಅಲೆ ಮಗುಚಿಹಾಕಿತು. ಎದ್ದು, ಬಾಯಿಂದ ನೀರುಗುಳಿ, ಮತ್ತೆ ಕರವಸ್ತ್ರವನ್ನು ಎದೆಗೊತ್ತಿಕೊಂಡ.

ಎಜ್ರಾ ಹುಲ್ಲಿನ ಟೊಪ್ಪಿಯನ್ನು ಗಾಳಿಗೆ ಹಾರದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದ. ಅವನ ತುಟಿಗಳು ಅಲುಗುತ್ತಿದ್ದವು.

"ಕರ್ತನೇ, ನಿನ್ನ ದಾಸಿಗೆ ಶಾಂತಿ ಕೊಡು. ಅಭ್ಯಾಸಬಲದಿಂದ ಅವಳು ನಿನ್ನ ಮನೆಯ ಹಿತ್ತಲ ಕಡೆ ಹೋಗಿ ನಿಂತಿದ್ದರೆ, ನೀನೇ ಎದ್ದು ಹೋಗಿ, ಕೈಹಿಡಿದು ಮುಂದಿನಿಂದ ಕರೆದುಕೊಂಡು ಬಾ. ಆಮೆನ್."