ಮೆದುಳು ಹಾಕುವ ತೇಪೆ

ಆ ಟೈಲರ್ ಅಂಗಡಿಯಲ್ಲಿ ದಿನಕ್ಕೊಮ್ಮೆಯಾದರೂ ಸ್ಟೂಲಿನ ಜಗಳ ಆಗಲೇಬೇಕು.

"ಈ ಸ್ಟೂಲನ್ನ ಯಾರು ಇಲ್ಲಿ ತಂದಿಟ್ಟಿದ್ದು?" ಮಾಸ್ಟರು ಎಡ ಮೊಣಕಾಲು ಉಜ್ಜಿಕೊಳ್ಳುತ್ತ ಕೂಗುವರು.

"ಹನ್ನೆರಡು ವರ್ಷದಿಂದ ಅದು ಅಲ್ಲೇ ಇದೆ ರೀ. ನೀವೇ ದಿನಾ ಹೋಗಿ ಅದನ್ನ ಮಾತಾಡಿಸಿಕೊಂಡು ಬರ್ತೀರಿ," ಎಂದು ಮನೆಯಾಕೆ ಕಾಜ ಹೊಲಿಯುತ್ತ, ತಲೆ ಎತ್ತದೆ ಹೇಳುವರು.

ಮಾಸ್ಟರಿಗೆ ಐವತ್ತೆರಡು ವರ್ಷ. ಕತ್ತರಿ ಹಿಡಿದು ಮೂವತ್ತು ವರ್ಷವಾಗಿತ್ತು. ಅವರ ಕಣ್ಣಿನ ಬಗ್ಗೆ ಯಾರಾದರೂ ಸೊಲ್ಲೆತ್ತಿದರೆ ಅವರ ಬಳಿ ಒಂದೇ ಉತ್ತರವಿತ್ತು. ಎಲ್ಲಕ್ಕಿಂತ ಸಣ್ಣ ಸೂಜಿ ತೆಗೆದು, ದಾರದ ತುದಿಯನ್ನು ತುಟಿಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿ ತೋರಿಸುವರು. "ನೋಡಿದ್ರಾ? ಇದೇ ನಮ್ಮ ಮನೆತನದ ಕಣ್ಣಿನ ಪರೀಕ್ಷೆ. ನಮ್ಮಮ್ಮ ಎಪ್ಪತ್ತು ವರ್ಷಕ್ಕೂ ಹೀಗೇ ಪೋಣಿಸ್ತಿದ್ಲು." ಅಲ್ಲಿಗೆ ಮಾತು ಮುಗಿಯಿತು.

ಒಂದು ಬೆಳಿಗ್ಗೆ ಮಾತ್ರ ಮಾತು ಮುಗಿಯಲಿಲ್ಲ.

ಅವರು ಮೇಜಿನ ಮೇಲೆ ಬಿಳಿ ಬಟ್ಟೆ ಹರಡಿ ಕೋಟು ಕತ್ತರಿಸುತ್ತಿದ್ದರು. ಕೋಟು ಪಕ್ಕದ ಬೀದಿಯ ನರ್ಸಮ್ಮನದು. ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡುವ ಆಕೆಯನ್ನು ಬೀದಿಯವರೆಲ್ಲ 'ಕಣ್ಣಕ್ಕ' ಎಂದೇ ಕರೆಯುತ್ತಿದ್ದರು. ಕತ್ತರಿ ಕರಕರ ಸಾಗಿತು. ಗೆರೆ ಒಂದು ನೂಲೂ ತಪ್ಪಲಿಲ್ಲ. ಆದರೆ ಬಟ್ಟೆ ಎತ್ತಿ ಕೊಡವಿದಾಗ ಮನೆಯಾಕೆ "ಅಯ್ಯೋ!" ಎಂದರು. ಮೇಜಿನ ಎಡತುದಿಯಲ್ಲಿ ಮಡಿಸಿಟ್ಟಿದ್ದ ಬೇರೆ ಗಿರಾಕಿಯ ನೀಲಿಗೆರೆಯ ಶರ್ಟ್ ಬಟ್ಟೆಯೂ ಕತ್ತರಿಗೆ ಸಿಕ್ಕಿ ಗೇಣುದ್ದ ಸೀಳಿತ್ತು.

"ಇದನ್ನ ಇಲ್ಲಿ ಯಾರು ಇಟ್ಟಿದ್ದು?"

"ನೀವೇ. ಈಗ ತಾನೆ."

ಆ ಬಟ್ಟೆ ಮಾಸ್ಟರಿಗೆ ಕಂಡೇ ಇರಲಿಲ್ಲ. ಅಲ್ಲೇನೋ ಮಸುಕಾಗಿತ್ತು, ಕಪ್ಪಾಗಿತ್ತು ಎಂದೇನೂ ಅಲ್ಲ. ಅಲ್ಲಿ ಬರೀ ಮೇಜು ಇದ್ದ ಹಾಗೆ ಕಂಡಿತ್ತು, ಅಷ್ಟೆ.

ಅಷ್ಟರಲ್ಲಿ ಕೋಟಿನ ಅಳತೆ ನೋಡಲು ಕಣ್ಣಕ್ಕನೇ ಬಂದರು. ಗಂಡ ಕಣ್ಸನ್ನೆ ಮಾಡಿದರೂ ಮನೆಯಾಕೆ ಎಲ್ಲವನ್ನೂ ಹೇಳಿಬಿಟ್ಟರು. ಸ್ಟೂಲು, ಮೊಣಕಾಲು, ಶರ್ಟು, ಯಾವುದನ್ನೂ ಬಿಡಲಿಲ್ಲ.

"ಮಾಸ್ಟ್ರೇ, ಒಂದ್ಸಲ ಆಸ್ಪತ್ರೆಗೆ ಬನ್ನಿ," ಎಂದರು ಕಣ್ಣಕ್ಕ.

"ಬರೋದೇನೋ ಬರಬಹುದಮ್ಮಾ. ಟೈಲರ್ ಕಣ್ಣಾಸ್ಪತ್ರೆ ಮೆಟ್ಟಿಲು ಹತ್ತಿದ ಅಂತ ಸುದ್ದಿಯಾದ್ರೆ ನಾಳೆಯಿಂದ ಯಾರು ನನ್ನ ಕೈಗೆ ಬಟ್ಟೆ ಕೊಡ್ತಾರೆ?" ಎಂದು ಮಾಸ್ಟರು ಸೂಜಿ ತೆಗೆದರು. ಪೋಣಿಸಿದರು. "ಇಲ್ನೋಡಿ. ಒಂದೇ ಸಲಕ್ಕೆ!"

ಕಣ್ಣಕ್ಕ ಸೂಜಿಯನ್ನೇ ಸ್ವಲ್ಪ ಹೊತ್ತು ನೋಡಿದರು. "ಸರಿ. ನಿಮ್ಮ ಪರೀಕ್ಷೆ ಆಯ್ತು. ಈಗ ನನ್ನದೊಂದು. ಒಂದು ಗುಂಡಿ ಕೊಡಿ."

ಸೀಳಿದ ನೀಲಿಗೆರೆಯ ಬಟ್ಟೆಯಿಂದಲೇ ಒಂದು ತುಂಡು ತೆಗೆದು, ಗೆರೆಗಳು ಅಡ್ಡ ಬರುವಂತೆ ರಟ್ಟಿಗೆ ಅಂಟಿಸಿದರು. ಎಡಗಡೆ ಬಣ್ಣದ ಚಾಕಿನಿಂದ ಸಣ್ಣ ಗುಣಾಕಾರದ ಗುರುತು. ಅದರಿಂದ ನಾಲ್ಕು ಬೆರಳು ಬಲಕ್ಕೆ ಒಂದು ಕೆಂಪು ಗುಂಡಿ.

"ಎಡಗಣ್ಣು ಮುಚ್ಕೊಳ್ಳಿ. ಬಲಗಣ್ಣಲ್ಲಿ ಚಾಕಿನ ಗುರುತನ್ನೇ ನೋಡ್ತಿರಿ. ಗುಂಡಿ ಕಡೆ ಕಣ್ಣು ಹೊರಳಿಸ್ಬಾರ್ದು, ಆಯ್ತಾ? ರಟ್ಟನ್ನ ಕೈ ಚಾಚಿ ಹಿಡಿದು, ಮೆಲ್ಲಗೆ ಹತ್ತಿರ ತನ್ನಿ."

ಮಾಸ್ಟರು ನಗುತ್ತಲೇ ತಂದರು. ಅರ್ಧ ದಾರಿಯಲ್ಲಿ ನಗು ನಿಂತಿತು.

"ಗುಂಡಿ ಎಲ್ಲಿ?"

"ಅಲ್ಲೇ ಇದೆ ರೀ!" ಎಂದರು ಮನೆಯಾಕೆ.

"ಇಲ್ವೇ! ನೀಲಿ ಗೆರೆ ಅಷ್ಟೇ ಇದೆ. ಗೆರೆ ನೇರವಾಗಿ ಹೋಗಿದೆ." ರಟ್ಟನ್ನು ಇನ್ನಷ್ಟು ಹತ್ತಿರ ತಂದರು. ಗುಂಡಿ ಪ್ರತ್ಯಕ್ಷವಾಯಿತು. ದೂರ ಒಯ್ದರು. ಮತ್ತೆ ಮಾಯ. "ಏನಮ್ಮಾ ಇದು ಕಣ್ಕಟ್ಟು?"

"ಕಣ್ಕಟ್ಟೇ. ಆದ್ರೆ ಕಟ್ಟಿದ್ದು ನಾನಲ್ಲ. ನಿಮ್ಮ ಮೆದುಳು."

ಮನೆಯಾಕೆ ರಟ್ಟು ಕಿತ್ತುಕೊಂಡು ತಾವೂ ನೋಡಿದರು. "ಅಮ್ಮಾ, ನನಗೂ ಹೋಯ್ತು! ಹಾಗಾದ್ರೆ ನನ್ನ ಕಣ್ಣೂ ಕೆಟ್ಟಿದ್ಯಾ?"

"ಇಲ್ಲಮ್ಮಾ, ಹೆದರ್ಬೇಡಿ. ಇದು ರೋಗ ಅಲ್ಲ. ನನಗೂ ಹೀಗೇ, ಎಲ್ಲರಿಗೂ ಹೀಗೇ." ಕಣ್ಣಕ್ಕ ಸ್ಟೂಲು ಎಳೆದು ಕೂತರು. "ಕಣ್ಣಿನ ಒಳಗಡೆ, ಹಿಂಬದಿಗೆ ಒಂದು ತೆಳು ಪರದೆ ಇದೆ. ನೋಡೋ ಕೆಲಸ ಅದರದ್ದು. ಅದು ಕಂಡಿದ್ದನ್ನ ಮೆದುಳಿಗೆ ಒಯ್ಯೋಕೆ ಒಂದು ನರ ಇದೆ. ಒಂದು ನರದಲ್ಲಿ ಎಷ್ಟು ಎಳೆ ಇರಬಹುದು ಹೇಳಿ?"

"ನಾಲ್ಕು? ಆರು?"

"ಹತ್ತು ಲಕ್ಷದ ಹತ್ತಿರ."

ಮೂವತ್ತು ವರ್ಷ ದಾರದ ಜೊತೆ ಬದುಕಿದ ಮನುಷ್ಯ ಬಾಯಿ ತೆರೆದು ಕೂತರು. "ಹತ್ತು ಲಕ್ಷ ಎಳೆ! ಯಾವ ಮಗ್ಗದಲ್ಲಿ ನೇಯ್ದಿದ್ದಮ್ಮಾ ಅದು?"

"ಆ ಎಳೆಗಳೆಲ್ಲ ಸೇರಿ ಪರದೆಯಿಂದ ಹೊರಗೆ ಹೋಗೋಕೆ ಒಂದು ತೂತು ಬೇಕಲ್ವಾ? ಗುಂಡಿಗೆ ಕಾಜ ಇದ್ದ ಹಾಗೆ. ಕಾಜ ಇರೋ ಕಡೆ ಬಟ್ಟೆ ಇರುತ್ತಾ?"

"ಎಲ್ಲಿಂದ ಬರುತ್ತೆ?"

"ಹಾಗೇ ಅಷ್ಟು ಜಾಗದಲ್ಲಿ ಕಣ್ಣಿಗೇನೂ ಕಾಣಲ್ಲ. ಆದ್ರೆ ನಮಗೆ ತೂತು ಕಾಣ್ತಾ? ಇಲ್ಲ. ಸುತ್ತ ಇರೋ ಬಣ್ಣ, ಗೆರೆ ನೋಡಿಕೊಂಡು ಮೆದುಳು ಅಲ್ಲಿಗೊಂದು ತೇಪೆ ಹಾಕಿಬಿಡುತ್ತೆ. ನಿಮಗಿಂತ ಚೆನ್ನಾಗಿ ರಫೂ ಮಾಡುತ್ತೆ ಮಾಸ್ಟ್ರೇ. ಹೊಲಿಗೆನೇ ಕಾಣಲ್ಲ."

ಮಾಸ್ಟರು ರಟ್ಟನ್ನು ಮತ್ತೊಮ್ಮೆ ಹಿಡಿದರು. ಇಲ್ಲದ ಗೆರೆ. ಕಣ್ಣಾರೆ ಕಂಡ, ಆದರೆ ಅಲ್ಲಿಲ್ಲದ ಗೆರೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಅವರು ನೂರು ಸಲ ಹೇಳಿದ್ದರು. ಅದು ತಮ್ಮ ಕಣ್ಣಿಗೇ ಅನ್ವಯಿಸುತ್ತದೆಂದು ಎಂದೂ ಅಂದುಕೊಂಡಿರಲಿಲ್ಲ.

ಕಣ್ಣಕ್ಕನ ದನಿ ತಗ್ಗಿತು. "ಈ ಸಣ್ಣ ಕಾಜ ಎಲ್ಲರಿಗೂ ಇರೋದೇ. ಕೆಲವರಿಗೆ ಮಾತ್ರ ಆ ನರದ ಎಳೆಗಳು ಒಂದೊಂದಾಗಿ ಸಾಯೋಕೆ ಶುರುವಾಗುತ್ತೆ. ಅದಕ್ಕೆ ಗ್ಲಾಕೋಮಾ ಅಂತಾರೆ. ಹೆಚ್ಚಿನವರಿಗೆ ನೋವಿರಲ್ಲ, ಕಣ್ಣು ಕೆಂಪಾಗಲ್ಲ. ಅಂಚಿನ ನೋಟ ಮೊದಲು ಹೋಗುತ್ತೆ, ನಡುವಿನ ನೋಟ ಕಡೇತನಕ ಉಳಿಯುತ್ತೆ. ಹೋದ ಕಡೆಯೆಲ್ಲ ಮೆದುಳು ತೇಪೆ ಹಾಕ್ತಾ ಹೋಗುತ್ತೆ. ಅದಕ್ಕೇ ಮನುಷ್ಯನಿಗೆ ಗೊತ್ತೇ ಆಗಲ್ಲ. ಸೂಜಿ ಪೋಣಿಸೋದು ನಡುವಿನ ನೋಟದಲ್ಲಿ ಮಾಸ್ಟ್ರೇ. ಸ್ಟೂಲ್ ಇರೋದು ಅಂಚಲ್ಲಿ."

ಮಾಸ್ಟರು ಎಡ ಮೊಣಕಾಲು ಸವರಿಕೊಂಡರು.

ಮಾಸ್ಟರಿಗೆ ಅಮ್ಮ ನೆನಪಾದಳು. ಎಪ್ಪತ್ತರಲ್ಲೂ ಸೂಜಿ ಪೋಣಿಸುತ್ತಿದ್ದ ಅಮ್ಮ. ಅದೇ ಅಮ್ಮ ಹೊಸ್ತಿಲು ಎಡವುತ್ತಿದ್ದಳು, ಪಕ್ಕದಲ್ಲಿಟ್ಟ ಲೋಟ ಉರುಳಿಸುತ್ತಿದ್ದಳು. "ನೋಡ್ಕೊಂಡು ನಡೀಬಾರ್ದೇನಮ್ಮಾ?" ಎಂದು ಇವರೇ ಗದರುತ್ತಿದ್ದರು. ಕೊನೆಯ ಎರಡು ವರ್ಷ ಆಕೆಗೆ ಸೂಜಿಯೂ ಕಾಣಲಿಲ್ಲ, ಮಗನ ಮುಖವೂ ಕಾಣಲಿಲ್ಲ. ವಯಸ್ಸಾಯಿತು, ಕಣ್ಣು ಹೋಯಿತು ಎಂದು ಎಲ್ಲರೂ ಸುಮ್ಮನಾಗಿದ್ದರು.

"ಇದು... ಮನೆತನದಲ್ಲಿ ಬರುತ್ತಾ?" ಎಂದು ಕೇಳಿದರು.

"ಬರಬಹುದು. ನಿಮಗೆ ಇದೇ ಇದೆ ಅಂತ ನಾನು ಹೇಳ್ತಿಲ್ಲ. ಅದನ್ನ ಡಾಕ್ಟ್ರೇ ಹೇಳ್ಬೇಕು. ಅದಕ್ಕೇ ಬನ್ನಿ ಅಂತಿರೋದು."

ಮಾಸ್ಟರು ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. "ಇವಳೇ, ಅಂಗಡಿ ನೋಡ್ಕೋ."

"ಅಂಗಡಿ ಏನೂ ಓಡಿ ಹೋಗಲ್ಲ. ನಾನೂ ಬರ್ತೀನಿ," ಎಂದು ಮನೆಯಾಕೆ ಎದ್ದರು.

ಆಸ್ಪತ್ರೆಯಲ್ಲಿ ಕಣ್ಣಿನ ಒತ್ತಡ ಅಳೆದರು. ಹನಿ ಹಾಕಿ ನರ ನೋಡಿದರು. ಆಮೇಲೆ ಒಂದು ಯಂತ್ರದ ಮುಂದೆ ಕೂರಿಸಿ, ಅಲ್ಲಲ್ಲಿ ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಕೈಯಲ್ಲಿದ್ದ ಗುಂಡಿ ಒತ್ತಲು ಹೇಳಿದರು. "ಜೀವಮಾನವೆಲ್ಲ ಗುಂಡಿ ಹೊಲಿದೆ, ಒತ್ತೋದು ಇದೇ ಮೊದಲು," ಎಂದು ಮಾಸ್ಟರು ನಕ್ಕರು. ಮೂಡಿದ ಚುಕ್ಕಿಗೆಲ್ಲ ಒತ್ತಿದೆನೆಂದು ಅವರಿಗೆ ಪೂರ್ತಿ ನಂಬಿಕೆಯಿತ್ತು.

ಯಂತ್ರದಿಂದ ಬಂದ ಕಾಗದದಲ್ಲಿ ಚುಕ್ಕಿ ಕಾಣದ ಜಾಗವೆಲ್ಲ ಕಪ್ಪಾಗಿತ್ತು. ಬಲಗಣ್ಣಿನ ಅಂಚಿಗೆ ಸಣ್ಣ ಕಪ್ಪು ಕಲೆಯಿತ್ತು. ಎಡಗಣ್ಣಿನ ಚಿತ್ರದಲ್ಲಿ ಎಡಕ್ಕೆ, ಕೆಳಕ್ಕೆ, ಅಂಗೈಯಗಲ ಕಪ್ಪು.

"ಇಷ್ಟೊಂದು ತೇಪೆನಾ ಡಾಕ್ಟ್ರೇ?"

"ಹೌದು, ಗ್ಲಾಕೋಮಾನೇ. ಹೋಗಿರೋದು ವಾಪಸ್ ಬರಲ್ಲ," ಎಂದರು ಡಾಕ್ಟರು. "ಆದ್ರೆ ದಿನಾ ತಪ್ಪದೆ ಹನಿ ಹಾಕಿಕೊಂಡು, ಕರೆದಾಗೆಲ್ಲ ಬಂದು ತೋರಿಸಿದ್ರೆ, ಉಳಿದಿರೋದನ್ನ ಉಳಿಸಿಕೊಳ್ಳೋಕೆ ಆಗುತ್ತೆ. ಇನ್ನೂ ತಡ ಮಾಡಿದ್ದಿದ್ರೆ ಕಷ್ಟವಾಗ್ತಿತ್ತು."

ಹೊರಗೆ ಬಂದವರೇ ಮಾಸ್ಟರು ದೂರದಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದರು. "ಅಕ್ಕಾ, ನಾಳೆನೇ ಕಣ್ಣು ತೋರಿಸು. ಏನು? ಸೂಜಿ ಪೋಣಿಸ್ತೀಯಾ? ಅಯ್ಯೋ ಪುಣ್ಯಾತ್ಗಿತ್ತೀ, ಅಮ್ಮನೂ ಪೋಣಿಸ್ತಿದ್ಲು!"

ಈಗ ಆ ಅಂಗಡಿಯಲ್ಲಿ ಸ್ಟೂಲು ಅಲ್ಲೇ ಇದೆ. ಮಾಸ್ಟರು ಅದರ ಬಳಿ ಬಂದಾಗ ಕತ್ತು ಎಡಕ್ಕೆ ತಿರುಗಿಸಿ ನೋಡಿ, ದಾಟಿ ಹೋಗುತ್ತಾರೆ. ಗೋಡೆಗೆ ನೀಲಿಗೆರೆಯ ರಟ್ಟು ನೇತಾಡುತ್ತಿದೆ. ಗಿರಾಕಿಗಳು ಕಡಿಮೆಯಾಗಲಿಲ್ಲ. ಗುಂಡಿ ಮಾಯವಾಗುವುದನ್ನು ನೋಡಲೆಂದೇ ಕೆಲವರು ಬರುತ್ತಾರೆ. ಎದೆಯ ಸುತ್ತಳತೆ ತೆಗೆಯುತ್ತ ಮಾಸ್ಟರು ಎಲ್ಲರಿಗೂ ಅದನ್ನೇ ಕೇಳುತ್ತಾರೆ: "ನಲವತ್ತು ದಾಟ್ತಾ? ಕಣ್ಣು ತೋರಿಸಿದ್ರಾ?"

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮನ್ನೂ ಅದನ್ನೇ ಕೇಳುತ್ತಿದ್ದೇವೆ. ಒಂದು ಕಾಗದ, ಒಂದು ಗುಂಡಿ ತೆಗೆದುಕೊಂಡು ನೀವೂ ನೋಡಿ. ಗುಂಡಿ ಮಾಯವಾದರೆ ಗಾಬರಿ ಬೇಡ, ಅದು ಎಲ್ಲರಿಗೂ ಆಗುವುದೇ. ಆದರೆ ಈ ಆಟವನ್ನೇ ಪರೀಕ್ಷೆ ಎಂದು ತಿಳಿಯಬೇಡಿ. ಗ್ಲಾಕೋಮಾ ಇದೆಯೋ ಇಲ್ಲವೋ ಎಂಬುದು ಕಣ್ಣಾಸ್ಪತ್ರೆಯಲ್ಲಿ ಮಾತ್ರ ಗೊತ್ತಾಗುತ್ತದೆ. ನಲವತ್ತು ದಾಟಿದ್ದರೆ ಒಮ್ಮೆ ಹೋಗಿ. ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಇದ್ದರೆ ನಲವತ್ತಕ್ಕೂ ಕಾಯಬೇಡಿ. ಮನೆಯ ಹಿರಿಯರು ಪದೇ ಪದೇ ಎಡವುತ್ತಿದ್ದರೆ, "ನೋಡ್ಕೊಂಡು ನಡೀಬಾರ್ದಾ?" ಎಂದು ಗದರುವ ಮೊದಲು ಕೈ ಹಿಡಿದು ಕಣ್ಣಾಸ್ಪತ್ರೆಗೆ ಕರೆದೊಯ್ಯಿರಿ.

ಸೂಜಿ ಕಂಡಿತೆಂದು ಸುಮ್ಮನಾಗಬೇಡಿ. ಸ್ಟೂಲನ್ನೂ ಒಂದು ಮಾತು ಕೇಳಿ.